ಒಂದೇ ಕಾಯಿಲೆ, ಅಪ್ಪನಿಗೆ ಗ್ಯಾಸ್, ತಮ್ಮನಿಗೆ ಬಕಲ್: ಹೀಗ್ಯಾಕೆ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಡೊಂಬಿವಿಲಿಯಲ್ಲಿ ಇದ್ದೇವೆ. ಅಪ್ಪನಿಗೆ 63 ವರ್ಷ, ಮೂರು ವರ್ಷದ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಮೊನ್ನೆ ಬಲಗಣ್ಣಿನಲ್ಲಿ ಮಿಂಚು ಹೊಡೆದ ಹಾಗೆ ಆಯಿತಂತೆ. ಮರುದಿನ ಮೂಗಿನ ಕಡೆ, ಕೆಳಗಿನಿಂದ ನೆರಳು ಏರತೊಡಗಿತು. ಕಣ್ಣಿನ ಹಿಂದಿನ ಪರದೆ ರೆಟಿನಾ ಕಿತ್ತು ಬಂದಿದೆ, ತಕ್ಷಣ ವಿಟ್ರೆಕ್ಟಮಿ, ಅಂದರೆ ಕಣ್ಣಿನೊಳಗಿನ ಲೋಳೆ ತೆಗೆಯುವ ಆಪರೇಷನ್ ಮಾಡಿ ಗ್ಯಾಸ್ ತುಂಬಬೇಕು ಎಂದರು ಡಾಕ್ಟರು. ಜೊತೆಗೆ ಹೋಗಿದ್ದ ತಮ್ಮನ ಕಣ್ಣೂ ನೋಡಿದರು. ಅವನಿಗೆ 26 ವರ್ಷ, ಕನ್ನಡಕದ ನಂಬರ್ ಮೈನಸ್ 9. ಅವನಿಗೇ ಗೊತ್ತಿಲ್ಲದೆ ಎಡಗಣ್ಣಿನ ರೆಟಿನಾ ಕೆಳಭಾಗದಲ್ಲಿ ಕಿತ್ತು ಬಂದಿದೆಯಂತೆ! ಅವನಿಗೆ ಮುಂದಿನ ವಾರ ಬಕಲ್, ಅಂದರೆ ಕಣ್ಣಿನ ಹೊರಗಿನಿಂದ ಹೊಲಿಯುವ ಪಟ್ಟಿ ಹಾಕೋಣ ಎಂದಿದ್ದಾರೆ. ಪಕ್ಕದ ಮನೆಯ ಶುಗರ್ ಇರುವವರಿಗೆ ಇದೇ ಕಾಯಿಲೆಗೆ ಎಣ್ಣೆ ತುಂಬಿದ್ದಾರೆ. ಬಕಲ್ ಹಳೇ ಕಾಲದ್ದು, ಈಗ ತೀರಾ ಸಣ್ಣ ತೂತಿನ 27 ಗೇಜ್ ವಿಟ್ರೆಕ್ಟಮಿ ಬಂದಿದೆ, ಬೇರೆ ಆಸ್ಪತ್ರೆ ನೋಡಿ ಅಂತ ಭಾವ ಹೇಳುತ್ತಾರೆ. ಯಾವುದು ಸರಿ? ಬರುವ ತಿಂಗಳು ಊರಲ್ಲಿ ಮನೆದೈವದ ಕೋಲ ಇದೆ. ಅಪ್ಪ ವಿಮಾನದಲ್ಲಿ ಹೋಗಬಹುದಾ?

ಉತ್ತರ: ಮೊದಲು ಅಪ್ಪನ ವಿಷಯ. ನೀವು ಇದನ್ನು ಓದುವ ಹೊತ್ತಿಗೆ ಅವರ ಆಪರೇಷನ್ ಆಗಿದ್ದರೆ ಒಳ್ಳೆಯದು. ಆಗಿಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಮಾಡಿ ಇವತ್ತಿಗೋ ನಾಳೆಗೋ ಸಮಯ ಗೊತ್ತು ಮಾಡಿಕೊಳ್ಳಿ, ಆಮೇಲೆ ಮುಂದಕ್ಕೆ ಓದಿ. ಯಾವ ವಿಧಾನ ಒಳ್ಳೆಯದು ಅಂತ ಮನೆಯಲ್ಲಿ ಮಾತಾಡುತ್ತಾ ನಾಲ್ಕು ದಿನ ಹೋದರೆ, ಆ ನಾಲ್ಕು ದಿನದಲ್ಲಿ ಕಳೆದ ದೃಷ್ಟಿಯನ್ನು ಯಾವ ವಿಧಾನವೂ ಪೂರ್ತಿ ವಾಪಸ್ ಕೊಡುವುದಿಲ್ಲ.

ನಿಮ್ಮ ಡಾಕ್ಟರು ಹೇಳಿದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಕಣ್ಣು ನೋಡದೆ ಖಚಿತವಾಗಿ ಹೇಳುವ ಹಾಗಿಲ್ಲ, ನಿಜ. ಆದರೆ ನೀವು ಬರೆದಿರುವ ವಿವರ ಕೇಳಿದರೆ ನಾನೂ ಬಹುಶಃ ಅಪ್ಪನಿಗೆ ವಿಟ್ರೆಕ್ಟಮಿ, ತಮ್ಮನಿಗೆ ಬಕಲ್ ಎಂದೇ ಹೇಳುತ್ತಿದ್ದೆ. ಇಬ್ಬರಿಗೂ ಒಂದೇ ಆಪರೇಷನ್ ಹೇಳಿದ್ದರೆ ನನಗೆ ಅನುಮಾನ ಬರುತ್ತಿತ್ತು. ಕಾಗದದಲ್ಲಿ ಇಬ್ಬರ ಕಾಯಿಲೆಯ ಹೆಸರೂ ಒಂದೇ. ಕಣ್ಣಿನೊಳಗೆ ನಡೆದಿರುವುದು ಮಾತ್ರ ಬೇರೆ ಬೇರೆ.

ರೆಟಿನಾ ಅಂದರೆ ಕಣ್ಣಿನ ಹಿಂದಿನ ಒಳಗೋಡೆಗೆ ಅಂಟಿಕೊಂಡಿರುವ ತೆಳು ಪರದೆ. ಅದರ ಮುಂದೆ, ಕಣ್ಣುಗುಡ್ಡೆಯ ತುಂಬಾ, ವಿಟ್ರಿಯಸ್ ಎಂಬ ಲೋಳೆ ಇದೆ. ವಯಸ್ಸಾದ ಹಾಗೆ ಲೋಳೆ ನೀರಾಗಿ ಕುಗ್ಗಿ ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಐವತ್ತು ಅರವತ್ತು ದಾಟಿದವರಲ್ಲಿ ಇದು ಮಾಮೂಲು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಪೊರೆ ಆಪರೇಷನ್ ಆದ ಕಣ್ಣಿನಲ್ಲಿ ಸ್ವಲ್ಪ ಬೇಗ ಆಗುತ್ತದೆ. ಆದರೆ ಲೋಳೆ ಎಲ್ಲಾದರೂ ಒಂದು ಕಡೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ, ಬಿಡಿಸಿಕೊಳ್ಳುವಾಗ ಪರದೆಯನ್ನು ಎಳೆದು ಹರಿದುಬಿಡುತ್ತದೆ. ಅಪ್ಪ ಕಂಡ ಮಿಂಚು ಆ ಎಳೆತದ್ದು. ಹರಿದ ಬಾಯಿಯಿಂದ ನೀರು ಪರದೆಯ ಹಿಂದಕ್ಕೆ ನುಗ್ಗಿತು, ಪರದೆ ಗೋಡೆ ಬಿಟ್ಟಿತು. ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ, ಮೂಗಿನ ಕಡೆ ಕೆಳಗೆ ನೆರಳು ಅಂದರೆ ಹರಿದಿರುವುದು ಹೊರಬದಿಯಲ್ಲಿ, ಮೇಲೆ. ಮೇಲಿನ ನೀರು ತನ್ನ ಭಾರಕ್ಕೆ ಕೆಳಗೆ ಇಳಿಯುತ್ತದೆ. ದಾರಿಯಲ್ಲಿ ಮ್ಯಾಕ್ಯುಲಾ ಇದೆ. ಓದುವುದು, ಮುಖ ಗುರುತಿಸುವುದು ಎಲ್ಲ ಆ ಸಣ್ಣ ಚುಕ್ಕೆಯ ಕೆಲಸ. ನೀರು ಅಲ್ಲಿಗೆ ಮುಟ್ಟುವ ಮುಂಚೆ ಆಪರೇಷನ್ ಆದರೆ ದೃಷ್ಟಿ ಹೆಚ್ಚುಕಡಿಮೆ ಮೊದಲಿನಂತೆ ಉಳಿಯುತ್ತದೆ. ಮುಟ್ಟಿದ ಮೇಲೂ ಬೇಗ, ಸಾಧ್ಯವಾದರೆ ಮೂರು ದಿನದೊಳಗೆ ಮಾಡಿದರೆ ಸುಧಾರಣೆ ಜಾಸ್ತಿ. ವಾರಗಟ್ಟಲೆ ಬಿಟ್ಟರೆ ಪರದೆ ಅಂಟಿಕೊಂಡರೂ ಅಕ್ಷರ ಸೊಟ್ಟಗೆ, ಮಬ್ಬಾಗಿ ಕಾಣುವುದು ಉಳಿದುಬಿಡುತ್ತದೆ.

ತಮ್ಮನ ಕಣ್ಣಿನಲ್ಲಿ ಹೀಗೆ ಆಗಿಲ್ಲ. 26ರಲ್ಲಿ ಲೋಳೆ ಇನ್ನೂ ಗಟ್ಟಿ, ಪರದೆಗೆ ಅಂಟಿಕೊಂಡೇ ಇರುತ್ತದೆ. ಮೈನಸ್ 9 ಅಂದರೆ ಕಣ್ಣುಗುಡ್ಡೆ ಉದ್ದ. ಪರದೆ ಎಳೆದು ತೆಳುವಾಗಿರುತ್ತದೆ, ಅಂಚಿನಲ್ಲಿ ಸವೆದ ಪಟ್ಟೆಗಳಿರುತ್ತವೆ. ಅಂಥ ಪಟ್ಟೆಯಲ್ಲಿ ಸಣ್ಣ ದುಂಡನೆಯ ರಂಧ್ರ ಬಿದ್ದು, ನೀರು ತಿಂಗಳುಗಟ್ಟಲೆ ನಿಧಾನವಾಗಿ ಜಿನುಗಿರುತ್ತದೆ. ಕೆಳಭಾಗದಲ್ಲಿ ಕಿತ್ತು ಬಂದದ್ದರಿಂದ ಅವನಿಗೆ ಮರೆಯಾಗಿರುವುದು ಮೇಲಿನ ನೋಟದ ಅಂಚು. ಅದು ಯಾರ ಗಮನಕ್ಕೂ ಬರುವುದಿಲ್ಲ. ನೀರು ಮೇಲಕ್ಕೆ ಬೇಗ ಏರುವುದಿಲ್ಲವಾದ್ದರಿಂದ ಒಂದು ವಾರ ಕಾಯಬಹುದು ಎಂದಿದ್ದಾರೆ. ಸಸಾರ ಮಾಡಿ ಹೇಳಿದ್ದಲ್ಲ ಅದು.

ಈಗ ವಿಧಾನಗಳಿಗೆ ಬರೋಣ. ನೂರು ವರ್ಷದ ಹಿಂದೆ ಪರದೆ ಕಿತ್ತು ಬಂದರೆ ಕಣ್ಣು ಹೋಯಿತು ಅಂತಲೇ ಲೆಕ್ಕ. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ಊರಿನ ಜೂಲ್ ಗೊನಾ, ರಂಧ್ರವನ್ನು ಹುಡುಕಿ ಮುಚ್ಚಿದರೆ ಪರದೆ ಮತ್ತೆ ಕೂರುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಬಂದದ್ದೆಲ್ಲ ಆ ರಂಧ್ರ ಮುಚ್ಚುವ ಬೇರೆ ಬೇರೆ ದಾರಿಗಳೇ.

ಬಕಲ್ ಹೊರಗಿನ ದಾರಿ. 1949ರಲ್ಲಿ ಜರ್ಮನಿಯ ಕಸ್ಟೋಡಿಸ್ ಶುರು ಮಾಡಿದ್ದು, 1950ರ ದಶಕದಲ್ಲಿ ಅಮೆರಿಕದಲ್ಲಿ ಶೆಪೆನ್ಸ್ ಬೆಳೆಸಿದ್ದು. ಕಣ್ಣಿನ ಬಿಳಿಭಾಗದ ಮೇಲೆ ಸಿಲಿಕಾನ್ ಪಟ್ಟಿ ಇಟ್ಟು ಹೊಲಿಯುತ್ತಾರೆ. ಪಟ್ಟಿ ಗೋಡೆಯನ್ನು ಒಳಕ್ಕೆ ಒತ್ತುತ್ತದೆ, ಗೋಡೆ ಹೋಗಿ ರಂಧ್ರಕ್ಕೆ ತಾಗುತ್ತದೆ. ರಂಧ್ರದ ಸುತ್ತ ಕ್ರಯೋ, ಅಂದರೆ ತಣ್ಣನೆಯ ಸಲಾಕೆಯಿಂದ ಹೆಪ್ಪುಗಟ್ಟಿಸಿ ಗಾಯ ಮಾಡುತ್ತಾರೆ. ಗಾಯ ಮಾಯುವಾಗ ಪರದೆ ಅಂಟಿಕೊಳ್ಳುತ್ತದೆ. ಬೇಕಿದ್ದರೆ ಹಿಂದಿನ ನೀರನ್ನು ಹೊರಗಿನಿಂದಲೇ ಇಳಿಸುತ್ತಾರೆ. ಲೋಳೆಗೆ ಕೈ ಹಾಕುವುದೇ ಇಲ್ಲ.

ತಮ್ಮನಿಗೆ ಇದು ಒಪ್ಪುವುದು ಅದಕ್ಕೇ. ಅವನ ಕಣ್ಣಿನಲ್ಲಿ ಲೋಳೆ ಪರದೆಯನ್ನು ಎಳೆದು ಹರಿದಿಲ್ಲ. ಒಳಗೆ ಹೋಗಿ ಗಟ್ಟಿಯಾಗಿ ಅಂಟಿದ ಲೋಳೆಯನ್ನು ಕೀಳಲು ಹೋದರೆ ಹೊಸ ಕಡೆ ಹರಿಯಬಹುದು. ಇನ್ನೊಂದು ಕಾರಣ ಪೊರೆ. ವಿಟ್ರೆಕ್ಟಮಿ ಆದ ಕಣ್ಣಿನಲ್ಲಿ ಲೆನ್ಸ್ ಬೇಗ ಮಬ್ಬಾಗುತ್ತದೆ. 50 ದಾಟಿದವರಲ್ಲಿ ಬಹುಪಾಲು ಜನರಿಗೆ ಎರಡು ವರ್ಷದೊಳಗೆ ಪೊರೆ ಬರುತ್ತದೆ. ಹುಡುಗರಿಗೆ ಅಷ್ಟು ಬೇಗ ಬರುವುದಿಲ್ಲ, ಆದರೆ ಬರುವ ಸಂಭವ ಇದೆ. 26ರ ಹುಡುಗನಿಗೆ ಪೊರೆ ತೆಗೆದು ಕೃತಕ ಲೆನ್ಸ್ ಹಾಕಿದರೆ ದೂರ–ಹತ್ತಿರಕ್ಕೆ ತಾನಾಗಿ ಹೊಂದಿಕೊಳ್ಳುವ ಶಕ್ತಿ ಹೋಗುತ್ತದೆ. ಈ ವಯಸ್ಸಿಗೆ ಅದು ದೊಡ್ಡ ನಷ್ಟ ಅಲ್ವಾ? ಅಪ್ಪನ ಲೆನ್ಸ್ ಆಗಲೇ ಕೃತಕ. ಅವರಿಗೆ ಆ ಭಯವೇ ಇಲ್ಲ.

ಬಕಲ್‌ಗೂ ತನ್ನದೇ ತಾಪತ್ರಯ ಇವೆ. ಮೊದಲ ವಾರ ಕಣ್ಣು ಊದಿಕೊಳ್ಳುತ್ತದೆ, ನೋವು ವಿಟ್ರೆಕ್ಟಮಿಗಿಂತ ಜಾಸ್ತಿ. ಸುತ್ತಲೂ ಪಟ್ಟಿ ಹಾಕಿದರೆ ಕಣ್ಣುಗುಡ್ಡೆ ಇನ್ನಷ್ಟು ಉದ್ದವಾಗಿ ಮೈನಸ್ ನಂಬರ್ ಒಂದರಿಂದ ಮೂರರಷ್ಟು ಏರಬಹುದು. ಕೆಲವರಿಗೆ ಕೆಲವು ದಿನ ಎರಡೆರಡು ಕಾಣುತ್ತದೆ. ಅಪರೂಪಕ್ಕೆ ಪಟ್ಟಿಗೆ ಸೋಂಕು ತಗುಲಿ ತೆಗೆಯಬೇಕಾಗುತ್ತದೆ. ಇಲ್ಲದಿದ್ದರೆ ಪಟ್ಟಿ ಜೀವನಪರ್ಯಂತ ಅಲ್ಲೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ಮುಂದೆ ಎಂ.ಆರ್.ಐ. ಬೇಕಾದರೂ ಸಿಲಿಕಾನ್ ಪಟ್ಟಿಯಿಂದ ತೊಂದರೆಯಿಲ್ಲ.

ವಿಟ್ರೆಕ್ಟಮಿ ಒಳಗಿನ ದಾರಿ. 1970ರಲ್ಲಿ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಶುರು ಮಾಡಿದರು. ಅಲ್ಲಿಯವರೆಗೆ ಲೋಳೆ ಮುಟ್ಟಿದರೆ ಕಣ್ಣು ಹಾಳು ಎಂದೇ ಎಲ್ಲರೂ ನಂಬಿದ್ದರು. ಬಿಳಿಭಾಗದಲ್ಲಿ ಮೂರು ಸಣ್ಣ ತೂತು. ಒಂದರಿಂದ ನೀರು ಒಳಗೆ ಹೋಗುತ್ತದೆ, ಒಂದರಿಂದ ಬೆಳಕು, ಇನ್ನೊಂದರಿಂದ ಕತ್ತರಿಸಿ ಹೀರುವ ಉಪಕರಣ. ಅದು ನಿಮಿಷಕ್ಕೆ ಸಾವಿರಾರು ಸಲ ಕತ್ತರಿಸುತ್ತದೆ, ಹೊಸ ಮೆಷಿನ್‌ಗಳಲ್ಲಿ 10,000ಕ್ಕೂ ಮೇಲೆ. ಎಳೆಯುತ್ತಿರುವ ಲೋಳೆ ತೆಗೆದು, ಪರದೆಯ ಹಿಂದಿನ ನೀರು ಹೀರಿ, ಹರಿದ ಜಾಗದ ಸುತ್ತ ಲೇಸರ್ ಹೊಡೆದು, ಗ್ಯಾಸ್ ತುಂಬುತ್ತಾರೆ. ಲೇಸರ್ ಗಾಯ ಗಟ್ಟಿಯಾಗಲು ವಾರ ಹತ್ತು ದಿನ ಬೇಕು. ಅಲ್ಲಿಯವರೆಗೆ ಗ್ಯಾಸ್ ಗುಳ್ಳೆ ರಂಧ್ರವನ್ನು ಒತ್ತಿ ಹಿಡಿದಿರುತ್ತದೆ. ಅಪ್ಪನ ಕಣ್ಣಿನಲ್ಲಿ ಮೂಲ ದೋಷವೇ ಲೋಳೆಯ ಎಳೆತ, ಆದ್ದರಿಂದ ಅದನ್ನು ತೆಗೆಯುವುದು ಸರಿಯಾದ ದಾರಿ. ಪೊರೆ ತೆಗೆದ ಕಣ್ಣಿನಲ್ಲಿ ರಂಧ್ರಗಳು ಸಣ್ಣವಿದ್ದು ತೀರಾ ಅಂಚಿನಲ್ಲಿ ಅಡಗಿರುತ್ತವೆ. ಒಳಗಿನಿಂದ ಹುಡುಕುವುದು ಸುಲಭ. ಹೊರಗಿನಿಂದ ಒಂದು ರಂಧ್ರ ತಪ್ಪಿದರೂ ಬಕಲ್ ವ್ಯರ್ಥ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಯುರೋಪಿನ ಐದು ದೇಶಗಳಲ್ಲಿ 681 ರೋಗಿಗಳ ಮೇಲೆ ಎರಡೂ ವಿಧಾನ ಹೋಲಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಸ್ವಂತ ಲೆನ್ಸ್ ಇರುವವರಲ್ಲಿ ಬಕಲ್ ಆದವರ ದೃಷ್ಟಿ ಚೆನ್ನಾಗಿತ್ತು. ಪೊರೆ ಆಪರೇಷನ್ ಆದವರಲ್ಲಿ ವಿಟ್ರೆಕ್ಟಮಿಯಿಂದ ಪರದೆ ಮೊದಲ ಸಲಕ್ಕೇ ಅಂಟಿಕೊಂಡದ್ದು ಜಾಸ್ತಿ. ನಿಮ್ಮ ಡಾಕ್ಟರು ಹೇಳಿದ್ದೂ ಇದನ್ನೇ.

ಬಕಲ್ ಹಳೇದು ಎನ್ನುವ ನಿಮ್ಮ ಭಾವನ ಮಾತಿನ ಹಿಂದೆ ಒಂದು ಸತ್ಯ ಇದೆ. ಬಕಲ್ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಕಲಿಯಲು ಕಷ್ಟ, ಸಮಯ ಹಿಡಿಯುತ್ತದೆ, ಮೈಕ್ರೋಸ್ಕೋಪಿನ ದೊಡ್ಡ ಸ್ಕ್ರೀನಿನಲ್ಲಿ ಶಿಷ್ಯರಿಗೆ ತೋರಿಸಲೂ ಆಗುವುದಿಲ್ಲ. ಹೊಸಬರ ಕೈ ವಿಟ್ರೆಕ್ಟಮಿಗೇ ಪಳಗಿರುತ್ತದೆ. ಹಾಗಾಗಿ ಹುಡುಗರಿಗೂ ವಿಟ್ರೆಕ್ಟಮಿ ಹೇಳುವುದು ನಡೆಯುತ್ತಿದೆ. ನನಗೆ ಇದು ಸರಿ ಕಾಣುವುದಿಲ್ಲ. ತಮ್ಮನಂಥ ಕಣ್ಣಿಗೆ ಬಕಲ್ ಹೇಳುವ ಡಾಕ್ಟರು ಸಿಕ್ಕರೆ ಹಿಡಿದುಕೊಳ್ಳಿ. "ವರ್ಷಕ್ಕೆ ಎಷ್ಟು ಬಕಲ್ ಮಾಡ್ತೀರಿ ಡಾಕ್ಟ್ರೇ?" ಎಂದು ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಗೇಜ್ ವಿಷಯ ಬೇಗ ಮುಗಿಸುತ್ತೇನೆ. ಗೇಜ್ ಅಂದರೆ ಆ ಮೂರು ತೂತುಗಳ ಅಳತೆ. ಅಂಕಿ ದೊಡ್ಡದಾದಷ್ಟೂ ತೂತು ಸಣ್ಣದು. ಹಿಂದೆ ಬಳಸುತ್ತಿದ್ದ 20 ಗೇಜ್ ಸುಮಾರು 0.9 ಮಿ.ಮೀ., ಹೊಲಿಗೆ ಬೇಕಿತ್ತು. ಈಗಿನ 23, 25, 27 ಗೇಜ್‌ಗಳು ಸುಮಾರು 0.6, 0.5, 0.4 ಮಿ.ಮೀ. ಹೆಚ್ಚಾಗಿ ಹೊಲಿಗೆ ಬೇಡ, ಕಣ್ಣು ಕಡಿಮೆ ಚುಚ್ಚುತ್ತದೆ, ಬೇಗ ತಿಳಿಯಾಗುತ್ತದೆ. ಆದರೆ ಪರದೆ ಅಂಟುತ್ತದೋ ಇಲ್ಲವೋ ಎನ್ನುವುದನ್ನು ಗೇಜ್ ತೀರ್ಮಾನಿಸುವುದಿಲ್ಲ. 25ಕ್ಕೂ 27ಕ್ಕೂ ಇರುವ ವ್ಯತ್ಯಾಸಕ್ಕೆ ಸುಮ್ನೆ ಆಸ್ಪತ್ರೆ ಬದಲಿಸಬೇಡಿ. ಒಂದೇ ಸಲ ಬಳಸುವ ಈ ಕಿಟ್‌ಗಳಿಗೆ ಬಿಲ್ಲಿನಲ್ಲಿ ಬೇರೆ ಸಾಲು ಇರುತ್ತದೆ, ಅದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಇನ್ನೂ ಒಂದು ದಾರಿ ಇದೆ, ನಮ್ಮಲ್ಲಿ ಅಷ್ಟಾಗಿ ಮಾಡುವುದಿಲ್ಲ. ಆಪರೇಷನ್ ಥಿಯೇಟರೇ ಬೇಡ, ಕಣ್ಣಿಗೆ ಒಂದು ಗ್ಯಾಸ್ ಇಂಜೆಕ್ಷನ್ ಕೊಟ್ಟು, ಕ್ರಯೋ ಅಥವಾ ಲೇಸರ್ ಮಾಡಿ, ರೋಗಿ ತಲೆಯನ್ನು ಹೇಳಿದ ಕೋನದಲ್ಲಿ ಇಟ್ಟುಕೊಳ್ಳುವುದು. 1986ರಿಂದ ಬಳಕೆಯಲ್ಲಿದೆ. ಟೊರಾಂಟೊದಲ್ಲಿ ಇದನ್ನು ವಿಟ್ರೆಕ್ಟಮಿ ಜೊತೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಮೊದಲ ಪ್ರಯತ್ನದಲ್ಲಿ ಪರದೆ ಅಂಟಿದ್ದು ಇಂಜೆಕ್ಷನ್ ಗುಂಪಿನಲ್ಲಿ 100ಕ್ಕೆ 81, ವಿಟ್ರೆಕ್ಟಮಿಯಲ್ಲಿ 93. ಆದರೆ ಆಶ್ಚರ್ಯ ನೋಡಿ, ದೃಷ್ಟಿ ಚೆನ್ನಾಗಿ ಬಂದದ್ದು, ಸೊಟ್ಟ ಕಾಣುವುದು ಕಡಿಮೆ ಇದ್ದದ್ದು ಇಂಜೆಕ್ಷನ್ ಗುಂಪಿನಲ್ಲೇ. ಪರದೆ ನಿಧಾನವಾಗಿ, ತನ್ನಷ್ಟಕ್ಕೆ ಕೂತಾಗ ಜಾಗಕ್ಕೆ ಸರಿಯಾಗಿ ಕೂರುತ್ತದೆ ಎಂದು ಕಾಣುತ್ತದೆ. ರಂಧ್ರ ಒಂದೇ ಇದ್ದು, ಅಥವಾ ಒತ್ತೊತ್ತಾಗಿದ್ದು, ಮೇಲ್ಭಾಗದಲ್ಲಿದ್ದರೆ ಮಾತ್ರ ಇದು ನಡೆಯುತ್ತದೆ. ಅಪ್ಪನಿಗೆ ಆಗುತ್ತದಾ ಎಂದು ಕೇಳಬಹುದು. ಪೊರೆ ಆಪರೇಷನ್ ಆದ ಕಣ್ಣಿನಲ್ಲಿ ಇದರ ಗೆಲುವು ಕಡಿಮೆ, ಆದ್ದರಿಂದ ಬೇಡ ಅಂದರೂ ಆಶ್ಚರ್ಯ ಇಲ್ಲ. ತಮ್ಮನಿಗಂತೂ ಆಗದು. ಗಾರೆ ಕೆಲಸದವರ ರಸಮಟ್ಟದಲ್ಲಿ ಇರುವ ಹಾಗೆ ಗುಳ್ಳೆ ಯಾವಾಗಲೂ ಮೇಲಕ್ಕೇ ಹೋಗುತ್ತದೆ, ಅವನ ರಂಧ್ರ ಇರುವುದು ಕೆಳಗೆ.

ಪಕ್ಕದ ಮನೆಯವರ ಕಥೆ ಪೂರಾ ಬೇರೆ. ಶುಗರ್‌ನಿಂದ ರೆಟಿನಾದ ಮೇಲೆ ಹೊಸ ರಕ್ತನಾಳ, ನಾರಿನಂಥ ಪದರ ಬೆಳೆದು, ಅದು ಕುಗ್ಗುವಾಗ ಪರದೆಯನ್ನು ಎಬ್ಬಿಸಿಬಿಡುತ್ತದೆ. ಎಷ್ಟೋ ಸಲ ರಂಧ್ರವೇ ಇರುವುದಿಲ್ಲ. ಆ ನಾರನ್ನು ಒಂದೊಂದಾಗಿ ಬಿಡಿಸುವುದು ನಮ್ಮ ಕೆಲಸದಲ್ಲೇ ಬಹಳ ಕಷ್ಟದ್ದು. ರಕ್ತ ಕಡಿಮೆ ಸೋರಲಿ ಎಂದು ಕೆಲವು ದಿನ ಮುಂಚೆ ಕಣ್ಣಿಗೆ ಇಂಜೆಕ್ಷನ್ ಕೊಡುವುದೂ ಉಂಟು. ಇಂಥ ಕಣ್ಣಿಗೆ ಗ್ಯಾಸ್‌ನ ಕೆಲವು ವಾರದ ಆಸರೆ ಸಾಲದಿರಬಹುದು, ಅದಕ್ಕೇ ಸಿಲಿಕಾನ್ ಎಣ್ಣೆ. ಎಣ್ಣೆ ತಾನಾಗಿ ಕರಗುವುದಿಲ್ಲ, ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೆ ಇನ್ನೊಂದು ಆಪರೇಷನ್ ಮಾಡಿ ತೆಗೆಯಬೇಕು. ನೋವಿಲ್ಲ ಎಂದು ಜನ ವರ್ಷಗಟ್ಟಲೆ ಮರೆತುಬಿಡುತ್ತಾರೆ. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ಕಣ್ಣಿನ ಪ್ರೆಶರ್ ಏರಿ ನರ ಹಾಳಾಗುತ್ತದೆ. ಅವರಿಗೆ ದಯವಿಟ್ಟು ತಾರೀಖು ಕೇಳಿಕೊಳ್ಳಲು ಹೇಳಿ.

ಈಗ ಕೋಲಕ್ಕೆ ಹೋಗುವ ವಿಚಾರ. ಎಲ್ಲಕ್ಕಿಂತ ಇದನ್ನು ಗಮನವಿಟ್ಟು ಓದಿ.

ಕಣ್ಣಿನಲ್ಲಿ ಗ್ಯಾಸ್ ಇರುವವರೆಗೆ ವಿಮಾನ ಬೇಡವೇ ಬೇಡ. ವಿಮಾನದ ಒಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದಷ್ಟು ಕಡಿಮೆ. ಒತ್ತಡ ಕಡಿಮೆಯಾದರೆ ಗುಳ್ಳೆ ಹಿಗ್ಗುತ್ತದೆ, ಕಾಲು ಭಾಗದಷ್ಟು ಅಥವಾ ಅದಕ್ಕೂ ಜಾಸ್ತಿ. ಕಣ್ಣುಗುಡ್ಡೆಗೆ ಹಿಗ್ಗಲು ಜಾಗ ಇಲ್ಲ. ಒಳಗಿನ ಪ್ರೆಶರ್ ಏರಿ ರೆಟಿನಾಕ್ಕೆ ಹೋಗುವ ರಕ್ತವೇ ನಿಂತು, ಚೆನ್ನಾಗಿ ಆದ ಆಪರೇಷನ್ ಅರ್ಧ ಗಂಟೆಯಲ್ಲಿ ಹಾಳಾಗಬಹುದು. ಎಷ್ಟು ದಿನ ಕಾಯಬೇಕು ಎನ್ನುವುದು ಯಾವ ಗ್ಯಾಸ್ ಎನ್ನುವುದರ ಮೇಲೆ. ಎಸ್.ಎಫ್.6 ಆದರೆ ಸುಮಾರು ಎರಡು ವಾರ, ಸಿ.3ಎಫ್.8 ಆದರೆ ಆರರಿಂದ ಎಂಟು ವಾರ. ಕೋಲ ಇದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಎರಡರಲ್ಲಿ ಯಾವುದಾದರೂ ನಡೆಯುವ ಕಣ್ಣಾಗಿದ್ದರೆ ಅವರು ಬೇಗ ಕರಗಿ ಹೋಗುವ ಗ್ಯಾಸನ್ನು ಆರಿಸಬಹುದು. ಗ್ಯಾಸ್ ಉಳಿದಿದೆಯಾ ಎಂದು ಅಪ್ಪನಿಗೇ ಕಾಣುತ್ತದೆ. ಮೊದಲು ಎಲ್ಲ ಮಬ್ಬು. ಆಮೇಲೆ ಮೇಲಿನಿಂದ ತಿಳಿಯಾಗುತ್ತಾ, ಅಲುಗಾಡುವ ಒಂದು ಗೆರೆ ದಿನದಿನಕ್ಕೆ ಕೆಳಗೆ ಇಳಿಯುತ್ತದೆ. ಕೊನೆಗೆ ಕೆಳಗೆ ಸಣ್ಣ ದುಂಡು ಗುಳ್ಳೆ ಓಡಾಡಿ ಮಾಯವಾಗುತ್ತದೆ. ಆದರೂ ಟಿಕೆಟ್ ತೆಗೆಯುವ ಮುಂಚೆ ಡಾಕ್ಟರು ನೋಡಿ ಹೇಳಲಿ.

ವಿಮಾನದ ವಿಷಯ ಎಲ್ಲರೂ ಹೇಳುತ್ತಾರೆ, ಘಾಟಿಯ ವಿಷಯ ಮರೆಯುತ್ತಾರೆ. ಮುಂಬೈ ಸಮುದ್ರಮಟ್ಟದಲ್ಲಿದೆ. ಖಂಡಾಲಾ–ಲೋನಾವಳ ಹತ್ತಿದರೆ 600 ಮೀಟರ್ ದಾಟುತ್ತದೆ, ಅಷ್ಟಕ್ಕೇ ಗುಳ್ಳೆ ಸುಮಾರು 7 ಶೇಕಡಾ ಹಿಗ್ಗುತ್ತದೆ. ಕಣ್ಣು ತುಂಬಾ ಗ್ಯಾಸ್ ಇರುವಾಗ ಎಕ್ಸ್‌ಪ್ರೆಸ್ ವೇಯಲ್ಲಿ ಅರ್ಧ ಗಂಟೆಯಲ್ಲಿ ಆ ಎತ್ತರ ಏರಿದರೆ ತಲೆನೋವು, ಕಣ್ಣುನೋವು ಬಂದು ಪ್ರೆಶರ್ ಏರಬಹುದು. ಆದ್ದರಿಂದ ಕಾರಿನಲ್ಲಿ ಪುಣೆ, ಕೊಲ್ಲಾಪುರ, ಹುಬ್ಬಳ್ಳಿ ಮೇಲೆ ಹೋಗುವ ಯೋಚನೆ ಬಿಡಿ. ನಿಮ್ಮ ಪುಣ್ಯಕ್ಕೆ ಕೊಂಕಣ ರೈಲ್ವೆ ಇದೆ. ಕರಾವಳಿಯ ಉದ್ದಕ್ಕೇ ಹೋಗುತ್ತದೆ, ಅಂಥ ಎತ್ತರ ಎಲ್ಲೂ ಹತ್ತುವುದಿಲ್ಲ. ಠಾಣೆಯಲ್ಲಿ ಮತ್ಸ್ಯಗಂಧ ಹತ್ತಿಸಿ ಕುಂದಾಪುರದಲ್ಲಿ ಇಳಿಸಿ. ಮೊದಲ ಹತ್ತು ಹದಿನೈದು ದಿನ ಮಾತ್ರ ಅದೂ ಬೇಡ. ಆಗ ತಲೆಯನ್ನು ಹೇಳಿದ ಕಡೆಗೆ ಇಟ್ಟುಕೊಂಡಿರಬೇಕು, ತಪಾಸಣೆಗೆ ಬರಬೇಕು. ಊರಿಗೆ ಹೋದ ಮೇಲೆ, ಇಷ್ಟು ದೂರ ಬಂದಿದ್ದೇವೆ ಎಂದು ಆಗುಂಬೆ ಹತ್ತಿ ಶೃಂಗೇರಿಗೆ ಹೋಗಬೇಡಿ. ಗ್ಯಾಸ್ ಇರುವಾಗ ಬೆನ್ನ ಮೇಲೆ ಅಂಗಾತ ಮಲಗುವುದು ಬೇಡ, ಬರ್ತ್‌ನಲ್ಲೂ ಅಷ್ಟೇ. ಹಲ್ಲಿನದೋ ಹರ್ನಿಯಾದ್ದೋ ಬೇರೆ ಯಾವ ಆಪರೇಷನ್ ಬಂದರೂ ಕಣ್ಣಿನಲ್ಲಿ ಗ್ಯಾಸ್ ಇದೆ ಎಂದು ಮೊದಲು ಹೇಳಬೇಕು. ಅರಿವಳಿಕೆಯ ನೈಟ್ರಸ್ ಆಕ್ಸೈಡ್ ಗುಳ್ಳೆಯೊಳಗೆ ಸೇರಿ ಅದನ್ನು ಹಿಗ್ಗಿಸುತ್ತದೆ. ಕಣ್ಣಿನಲ್ಲಿ ಗ್ಯಾಸ್ ಇದೆ ಎಂದು ಬರೆದ ಪಟ್ಟಿಯನ್ನು ಆಸ್ಪತ್ರೆಯವರು ಕೈಗೆ ಕಟ್ಟಿದರೆ ಬಿಚ್ಚಬೇಡಿ.

ತಮ್ಮನಿಗೆ ಈ ಕಟ್ಟುಪಾಡು ಇಲ್ಲ. ಬಕಲ್ ಜೊತೆ ಗ್ಯಾಸ್ ಹಾಕದಿದ್ದರೆ ಗಾಯ ಮಾಯ್ದ ಮೇಲೆ ವಿಮಾನದಲ್ಲೂ ಹೋಗಬಹುದು. ಹೊಸ ಕನ್ನಡಕಕ್ಕೆ ಮಾತ್ರ ಎರಡು ಮೂರು ತಿಂಗಳು ಕಾಯಲಿ, ಅಷ್ಟರವರೆಗೆ ನಂಬರ್ ನಿಲ್ಲುವುದಿಲ್ಲ.

ಒಂದು ಮಾತು ಮುಂಚೆಯೇ ತಿಳಿದಿರಲಿ. ಮೊದಲ ಆಪರೇಷನ್‌ನಲ್ಲಿ ಪರದೆ ಅಂಟಿಕೊಳ್ಳುವುದು ಸುಮಾರು 100ಕ್ಕೆ 85–90. ಉಳಿದವರಿಗೆ ಮತ್ತೆ ಬೇಕಾಗುತ್ತದೆ. ಮೊದಲ ಎರಡು ಮೂರು ತಿಂಗಳಲ್ಲಿ ರೆಟಿನಾದ ಮೇಲೆ ಗಾಯದ ಅಂಗಾಂಶ ಬೆಳೆದು ಮತ್ತೆ ಎಳೆಯುವುದು ಇದರ ಮುಖ್ಯ ಕಾರಣ. ಹಾಗಾದಾಗ ವಿಟ್ರೆಕ್ಟಮಿ, ಎಣ್ಣೆ, ಕೆಲವೊಮ್ಮೆ ಅದರ ಜೊತೆ ಬಕಲ್ ಕೂಡ ಹಾಕುತ್ತೇವೆ. ಖರ್ಚಿನ ಚಿಂತೆ ಇದ್ದರೆ ಜೆ.ಜೆ. ಅಥವಾ ಕೆ.ಇ.ಎಂ.ನಂಥ ದೊಡ್ಡ ಸರ್ಕಾರಿ, ಪಾಲಿಕೆ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. ಆದರೆ ವಿಚಾರಿಸುವುದರಲ್ಲಿ ಅಪ್ಪನ ದಿನ ಹೋಗಬಾರದು.

ಇನ್ನೊಂದು. ಅಪ್ಪನ ಎಡಗಣ್ಣು, ತಮ್ಮನ ಬಲಗಣ್ಣು ಪೂರ್ತಿ ನೋಡಿದ್ದಾರಾ ಕೇಳಿ. ಅಲ್ಲಿ ಹರಿದ ಜಾಗ ಸಿಕ್ಕರೆ, ನೀರು ನುಗ್ಗುವ ಮುಂಚೆ ಹತ್ತು ನಿಮಿಷದ ಲೇಸರ್‌ನಲ್ಲಿ ಮುಗಿಯುತ್ತದೆ. ನೀವು ಕನ್ನಡಕ ಹಾಕುತ್ತೀರಾ ಇಲ್ಲವಾ ಬರೆದಿಲ್ಲ. ಅಪ್ಪ, ತಮ್ಮ ಇಬ್ಬರಿಗೂ ಬಂದಿರುವ ಮನೆಯಲ್ಲಿ ನೀವೂ ಒಮ್ಮೆ ಔಷಧಿ ಹಾಕಿ ಪಾಪೆ ಹಿಗ್ಗಿಸಿ ತೋರಿಸಿಕೊಳ್ಳಬೇಕು. ಅಪ್ಪನನ್ನು ತಪಾಸಣೆಗೆ ಕರೆದುಕೊಂಡು ಹೋದ ದಿನವೇ ಮಾಡಿಸಿ. ಔಷಧಿಯ ಮಬ್ಬು ನಾಲ್ಕೈದು ಗಂಟೆ ಇರುತ್ತದೆ, ವಾಪಸ್ ಲೋಕಲ್ ಹತ್ತಿಸಲು ಭಾವನನ್ನು ಜೊತೆಗೆ ಕರೆದುಕೊಂಡು ಹೋಗಿ.